ಕಸಿ ಅಣು ನಳಿಕೆಯಲ್ಲಿ ಗೆದ್ದರೆ ಸಾಲದು

ಬೆಂಗಳೂರಿನ ಮಲ್ಲೇಶ್ವರದ 18ನೇ ಅಡ್ಡರಸ್ತೆ ಎಂದರೆ ಬಹಳ ಜನಕ್ಕೆ ಬಸ್ ನಿಲ್ದಾಣ ನೆನಪಾಗುತ್ತದೆ, ಮೈದಾನ ನೆನಪಾಗುತ್ತದೆ. ಔಷಧ ವಿಜ್ಞಾನದವರಿಗೆ ಆ ವಿಳಾಸ ಇನ್ನೊಂದು ಕಾರಣಕ್ಕೆ ಗೊತ್ತು. 1980ರ ದಶಕದಲ್ಲಿ ಸ್ವೀಡನ್ನಿನ ಅಸ್ಟ್ರಾ ಕಂಪನಿ ತನ್ನ ಭಾರತೀಯ ಸಂಶೋಧನಾ ಕೇಂದ್ರವನ್ನು ತೆರೆದದ್ದು ಅಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಡೆದೇ ಹೋಗಬಹುದಾದ ದೂರದಲ್ಲಿ. 1999ರಲ್ಲಿ ಅಸ್ಟ್ರಾ ಬ್ರಿಟನ್ನಿನ ಝೆನೆಕಾ ಜೊತೆ ಸೇರಿ ಆಸ್ಟ್ರಾಝೆನೆಕಾ ಆಯಿತು. 2003ರಲ್ಲಿ ಹೆಬ್ಬಾಳದಲ್ಲಿ ಕ್ಷಯರೋಗಕ್ಕೆಂದೇ ದೊಡ್ಡ ಕೇಂದ್ರ ಎದ್ದಿತು. 2014ರ ಜನವರಿಯಲ್ಲಿ ಅದನ್ನು ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ಈಗ ಹನ್ನೆರಡು ವರ್ಷಗಳ ನಂತರ ಈ ಹಳೆಯ ಮಾತನ್ನು ಎತ್ತಲು ಕಾರಣವಿದೆ. ನಮ್ಮ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳೂ ಫಾರ್ಮಸಿ ಕಾಲೇಜುಗಳೂ ಕ್ಷಯಕ್ಕಾಗಿ ಹೈಬ್ರಿಡ್ ಅಣುಗಳನ್ನು, ಅಂದರೆ ಎರಡು ಔಷಧಗಳ ಕ್ರಿಯಾಭಾಗಗಳನ್ನು ಬೆಸೆದು ಒಂದೇ ಮಾಡಿದ ಅಣುಗಳನ್ನು, ಹುಮ್ಮಸ್ಸಿನಿಂದ ತಯಾರಿಸುತ್ತಿವೆ. ಅಣು ಕಟ್ಟುವ ಕೈಗಳಿಗೆ ಕರ್ನಾಟಕದಲ್ಲಿ ಬರವಿಲ್ಲ. ಆದರೆ ಕಟ್ಟಿದ ಅಣುವನ್ನು ರೋಗಿಯ ಶ್ವಾಸಕೋಶದ ಕಡೆಯಿಂದ ನೋಡಿ ಪ್ರಶ್ನಿಸುವ ವ್ಯವಸ್ಥೆ ಕಳಚಿಬಿದ್ದಿದೆ. ಅದನ್ನು ಮತ್ತೆ ಕಟ್ಟದೆ ಅಣುಗಳ ಸಂಖ್ಯೆಯನ್ನಷ್ಟೇ ಹೆಚ್ಚಿಸಿದರೆ ಕ್ಷಯರೋಗಿಗೆ ಏನೂ ದಕ್ಕುವುದಿಲ್ಲ ಎಂಬುದು ಈ ಬರಹದ ವಾದ.

ಹೈಬ್ರಿಡ್ ಎಂಬ ಪದಕ್ಕಿಂತ ಲಾಲ್‌ಬಾಗಿನ ನೆರೆಯ ಬಸವನಗುಡಿಯವರಿಗೆ ಚೆನ್ನಾಗಿ ಗೊತ್ತಿರುವ ಕಸಿ ಎಂಬ ಪದ ಇಲ್ಲಿಗೆ ಹೆಚ್ಚು ಒಪ್ಪುತ್ತದೆ. ಮಾವಿನ ಕಸಿಯಲ್ಲಿ ಬೇರು ಒಂದು ಗಿಡದ್ದು, ಕುಡಿ ಇನ್ನೊಂದರದ್ದು. ಎರಡೂ ಬದುಕಿ ಒಂದರ ಕೆಲಸಕ್ಕೆ ಇನ್ನೊಂದು ಒದಗಿದರೆ ಮಾತ್ರ ಅದು ಕಸಿ, ಇಲ್ಲದಿದ್ದರೆ ದಾರದಿಂದ ಕಟ್ಟಿದ ಎರಡು ಒಣಕಡ್ಡಿ. ಅಣುಗಳ ಕಸಿಯೂ ಹೊಸದೇನಲ್ಲ. ಇವತ್ತಿಗೂ ಕ್ಷಯ ಚಿಕಿತ್ಸೆಯ ಬೆನ್ನೆಲುಬಾದ ಐಸೋನಿಯಾಜಿಡ್ ಪತ್ತೆಯಾದದ್ದೇ ಅಂಥ ಒಂದು ಪ್ರಯತ್ನದ ನಡುದಾರಿಯಲ್ಲಿ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಜರ್ಮನಿಯ ಡೊಮಾಕ್ ತಂಡ ಥಯೋಸೆಮಿಕಾರ್ಬಜೋನ್ ಎಂಬ ಗುಂಪಿನ ವಸ್ತುಗಳು ಕ್ಷಯದ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ ಎಂದು ಕಂಡುಕೊಂಡಿತ್ತು. ಬಿ ಜೀವಸತ್ವದ ಬಳಗದ ನಿಕೋಟಿನಮೈಡಿಗೂ ಅಲ್ಪಸ್ವಲ್ಪ ಆ ಗುಣವಿದೆ ಎಂದು ಫ್ರಾನ್ಸಿನಲ್ಲಿ 1945ರಲ್ಲಿ ತಿಳಿಯಿತು. ಅಮೆರಿಕದ ರೋಶ್ ಪ್ರಯೋಗಾಲಯದಲ್ಲಿ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞ ಒಂದರ ತಲೆಯನ್ನು ಇನ್ನೊಂದರ ಬಾಲಕ್ಕೆ ಜೋಡಿಸಲು ಹೊರಟರು. ದಾರಿಯಲ್ಲಿ ಸಿಕ್ಕ ಮಧ್ಯಂತರ ವಸ್ತುವನ್ನೂ ಪರೀಕ್ಷೆಗೆ ಕಳಿಸಿದರು, ಗುರಿಯಾಗಿದ್ದ ಕಸಿಗಿಂತ ಅದೇ ಎಷ್ಟೋ ಪಾಲು ಬಲಶಾಲಿಯಾಗಿತ್ತು. ಅದೇ ಐಸೋನಿಯಾಜಿಡ್. 1912ರಲ್ಲೇ ಪ್ರಾಗ್ ನಗರದಲ್ಲಿ ಇಬ್ಬರು ಅದನ್ನು ತಯಾರಿಸಿಟ್ಟಿದ್ದರು. ಕ್ಷಯದ ಮೇಲೆ ಪರೀಕ್ಷಿಸುವ ಯೋಚನೆ ಯಾರಿಗೂ ಬಾರದ ಕಾರಣ ನಲವತ್ತು ವರ್ಷ ಅದು ಬಾಟಲಿಯಲ್ಲೇ ಉಳಿಯಿತು, ಆ ನಲವತ್ತು ವರ್ಷಗಳಲ್ಲಿ ಸತ್ತವರನ್ನು ಲೆಕ್ಕ ಹಾಕಲು ಮನಸ್ಸು ಬರುವುದಿಲ್ಲ. ಅಣುವನ್ನು ತಯಾರಿಸುವುದು ಬೇರೆ, ಅದಕ್ಕೆ ಸರಿಯಾದ ಪ್ರಶ್ನೆ ಕೇಳುವುದು ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕಸಿ ಅಣುವಿನ ಪರವಾಗಿ ಸಾಮಾನ್ಯವಾಗಿ ಕೇಳಿಬರುವ ಸಮರ್ಥನೆ ಇದು: ಕ್ಷಯಕ್ಕೆ ಒಂದೇ ಔಷಧ ಸಾಲದು, ಹಲವು ಗುಳಿಗೆ ನುಂಗುವುದು ಕಷ್ಟ, ಎರಡನ್ನೂ ಒಂದೇ ಅಣುವಿನಲ್ಲಿ ತುಂಬಿದರೆ ಆಯಿತಲ್ಲ. ಮೊದಲ ಮಾತು ನಿಜ. ಒಂದು ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹತ್ತು ಲಕ್ಷಕ್ಕೋ ಹತ್ತು ಕೋಟಿಗೋ ಒಂದರಂತೆ ತಾನಾಗಿಯೇ ಹುಟ್ಟುತ್ತಿರುತ್ತದೆ. ಶ್ವಾಸಕೋಶದ ಒಂದು ಗುಹೆಯಂಥ ಗಾಯದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುವುದರಿಂದ ಒಂಟಿ ಔಷಧ ಸೋಲುವುದು ಖಚಿತ. ಎರಡು ಔಷಧಗಳಿಗೂ ಏಕಕಾಲಕ್ಕೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟಬೇಕಾದರೆ ಆ ಎರಡು ಅಪರೂಪಗಳು ಒಂದನ್ನೊಂದು ಗುಣಿಸಬೇಕು, ಅಷ್ಟು ಬ್ಯಾಕ್ಟೀರಿಯಾ ಯಾವ ರೋಗಿಯ ಮೈಯಲ್ಲೂ ಇರುವುದಿಲ್ಲ. ಆದರೆ ಗುಳಿಗೆಯ ಸಂಖ್ಯೆ ಇಳಿಸುವ ಕೆಲಸವನ್ನು ಸರ್ಕಾರಿ ಕಾರ್ಯಕ್ರಮ ಆಗಲೇ ಮಾಡಿದೆ. 2017ರಿಂದ ದೇಶದಾದ್ಯಂತ ದಿನವೂ ಕೊಡುತ್ತಿರುವ ಸಂಯುಕ್ತ ಗುಳಿಗೆಯೊಂದರಲ್ಲಿ ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಇಥಾಂಬ್ಯುಟಾಲ್ 275 ಮಿಲಿಗ್ರಾಂ ಇರುತ್ತವೆ. ಈ ಅಂಕಿಗಳನ್ನು ತೂಕದಿಂದ ಅಣುಗಳ ಎಣಿಕೆಗೆ ಬದಲಿಸಿ ನೋಡಬೇಕು. ರಿಫಾಂಪಿಸಿನ್ ಅಣು ದಪ್ಪನೆಯದು, ಅಣುಭಾರ 823. ಪೈರಾಜಿನಮೈಡಿನದು ಬರೀ 123. ಹಾಗಾಗಿ ಗುಳಿಗೆಯಲ್ಲಿ ಒಂದು ರಿಫಾಂಪಿಸಿನ್ ಅಣುವಿಗೆ ಮೂರು ಐಸೋನಿಯಾಜಿಡ್ ಅಣುಗಳೂ ಹೆಚ್ಚುಕಡಿಮೆ ಹದಿನೆಂಟು ಪೈರಾಜಿನಮೈಡ್ ಅಣುಗಳೂ ಇರುತ್ತವೆ. ಕಸಿ ಅಣುವಿನಲ್ಲಾದರೆ ಲೆಕ್ಕ ಯಾವಾಗಲೂ ಒಂದಕ್ಕೆ ಒಂದು. ಹದಿನೆಂಟು ಬೇಕಾದ ಕಡೆ ಒಂದನ್ನು ಕೊಟ್ಟು ಎರಡು ಔಷಧ ಕೊಟ್ಟೆವು ಎನ್ನಲಾಗದು. ಈ ಕಾರಣಕ್ಕೆ ಚಾಲ್ತಿಯಲ್ಲಿರುವ ಔಷಧಗಳನ್ನು ಗಂಟುಹಾಕಿ ಗುಳಿಗೆ ಉಳಿಸುವ ಕಸಿಗೆ ನನ್ನ ಮಟ್ಟಿಗೆ ಅರ್ಥವಿಲ್ಲ.

ಹೊಟ್ಟೆಯೊಳಗೆ ತಾನಾಗಿಯೇ ನಡೆಯುವ ಒಂದು ಕಸಿಯೂ ಇದೆ. ರಿಫಾಂಪಿಸಿನ್ ಜಠರದ ಆಮ್ಲದಲ್ಲಿ ಒಡೆದಾಗ ಅದರ ತುಣುಕು ಜೊತೆಯಲ್ಲೇ ಇರುವ ಐಸೋನಿಯಾಜಿಡ್ ಅಣುವಿಗೆ ಅಂಟಿಕೊಳ್ಳುತ್ತದೆ. ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದವರು ಪಂಜಾಬಿನ ಮೊಹಾಲಿಯ ನೈಪರ್ ಸಂಸ್ಥೆಯವರು. ನಕ್ಷೆಯಲ್ಲಿ ಬರೆದರೆ ಅದು ಎರಡು ಮಹಾನ್ ಔಷಧಗಳ ಸುಂದರ ಹೈಬ್ರಿಡ್ಡಿನಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ರಿಫಾಂಪಿಸಿನ್ನಿನ ನಷ್ಟ, ಗುಳಿಗೆ ತಯಾರಕರು ತಪ್ಪಿಸಲು ಹೆಣಗುವ ಉಪದ್ರವ. ಇನ್ನೊಂದು ಕಡೆ ಕಸಿ ಫಲಿಸಿದ ಉದಾಹರಣೆಗಳೂ ಇವೆ. 1940ರ ಹೊತ್ತಿಗೆ ಸ್ಟಾಕ್‌ಹೋಮಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ರೂಪಿಸಿದ ಸಲ್ಫಾಸಲಜೀನ್ ದೊಡ್ಡ ಕರುಳನ್ನು ತಲುಪಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳಿಂದಲೇ ಎರಡು ತುಂಡಾಗಿ ಕೆಲಸ ಮಾಡುತ್ತದೆ, ಕರುಳಿನ ಉರಿಯೂತಕ್ಕೆ ಇಂದಿಗೂ ಬಳಕೆಯಲ್ಲಿದೆ. ಕ್ಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಪಟ್ಟಿಯಲ್ಲಿ ಟೆರಿಜಿಡೋನ್ ಇದೆ. ಅದು ಸೈಕ್ಲೋಸೆರಿನ್ ಎಂಬ ಒಂದೇ ಔಷಧದ ಎರಡು ಪ್ರತಿಗಳನ್ನು ನಡುವೆ ಕೊಂಡಿ ಹಾಕಿ ಕೂಡಿಸಿದ ಜೋಡಿ, ದೇಹದಲ್ಲಿ ಬಿಚ್ಚಿಕೊಳ್ಳುತ್ತದೆ. ಎರಡು ಬೇರೆ ಬೇರೆ ಔಷಧಗಳನ್ನು ಹೀಗೆ ಬೆಸೆದ ಕಸಿ ಅಣು ಆ ಪಟ್ಟಿಯಲ್ಲಿ ಒಂದೂ ಇಲ್ಲ.

ಹಾಗಾದರೆ ಈ ಹಾದಿಯನ್ನೇ ಬಿಟ್ಟುಬಿಡಬೇಕೇ? ಬೇಡ. ಕಸಿ ಅಣುವಿಗೆ ಒಂದು ನಿಜವಾದ ಭರವಸೆಯಿದೆ, ಆದರೆ ಅದು ಗುಳಿಗೆಯ ಲೆಕ್ಕದಲ್ಲಿಲ್ಲ. ನಾಲ್ಕು ಔಷಧ ಒಟ್ಟಿಗೆ ನುಂಗಿದ ಮಾತ್ರಕ್ಕೆ ನಾಲ್ಕೂ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ತಲುಪುತ್ತವೆ ಎಂದಿಲ್ಲ. ಕ್ಷಯದ ಗಾಯದ ಒಡಲಿನಲ್ಲಿ ಗಿಣ್ಣಿನಂತೆ ಕೊಳೆತ, ರಕ್ತ ಹರಿಯದ ಭಾಗವೊಂದಿರುತ್ತದೆ. ರೋಗಿಗಳಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಶ್ವಾಸಕೋಶದ ತುಂಡುಗಳಲ್ಲಿ ಯಾವ ಔಷಧ ಎಲ್ಲಿಯವರೆಗೆ ಇಳಿದಿದೆ ಎಂದು ಚಿತ್ರ ತೆಗೆದು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ರಿಫಾಂಪಿಸಿನ್, ಪೈರಾಜಿನಮೈಡ್ ಆ ಒಡಲೊಳಕ್ಕೆ ಇಳಿದಿದ್ದವು. ಮಾಕ್ಸಿಫ್ಲಾಕ್ಸಸಿನ್ ಸುತ್ತಲಿನ ಜೀವಕೋಶಗಳಲ್ಲಿ ಹೇರಳವಾಗಿದ್ದರೂ ಒಳಗೆ ಹೋಗದೆ ಅಂಚಿನಲ್ಲೇ ನಿಂತಿತ್ತು. ಚೀಟಿಯಲ್ಲಿ ಬಹು ಔಷಧ ಚಿಕಿತ್ಸೆ, ಗಾಯದ ಮೂಲೆಯೊಂದರಲ್ಲಿ ಒಂಟಿ ಔಷಧ. ನಿರೋಧ ಹುಟ್ಟಲು ಅಷ್ಟು ಸಾಕು. ಕಾಲದಲ್ಲೂ ಇದೇ ಕಥೆ. ಐಸೋನಿಯಾಜಿಡ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಇಳಿದುಹೋಗುತ್ತದೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆಡಾಕ್ವಿಲೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಕೊನೆಯ ಹಂತದಲ್ಲಿ ಸುಮಾರು ಐದೂವರೆ ತಿಂಗಳು ಬೇಕು. ಚಿಕಿತ್ಸೆಯನ್ನು ನಡುವೆ ಬಿಟ್ಟ ರೋಗಿಯ ದೇಹದಲ್ಲಿ ಜೊತೆಗಾರ ಔಷಧಗಳೆಲ್ಲ ಮುಗಿದ ಮೇಲೂ ಬೆಡಾಕ್ವಿಲೀನ್ ಒಂದೇ ತಿಂಗಳುಗಟ್ಟಲೆ ಉಳಿಯುತ್ತದೆ. ಕಸಿ ಅಣು ಚೆನ್ನಾಗಿ ಕೂಡಿದ್ದರೆ ಅದರ ಎರಡೂ ತೋಳುಗಳು ಜೊತೆಯಾಗಿಯೇ ಗಾಯದೊಳಗೆ ಇಳಿಯಬೇಕು, ಜೊತೆಯಾಗಿಯೇ ಹೊರಡಬೇಕು. ಬೇರೆ ಯಾವ ಗುಳಿಗೆಯೂ ಕೊಡಲಾಗದ ಅನುಕೂಲ ಇದು, ಇದಕ್ಕಾಗಿ ಶ್ರಮಪಟ್ಟರೆ ಸಾರ್ಥಕ.

ಆದರೆ ಜೊತೆಯಾಗಿ ಹೋಗುವವರು ಜೊತೆಯಾಗಿ ಸಿಕ್ಕಿಬೀಳಲೂಬಹುದು. ಬೆಡಾಕ್ವಿಲೀನ್ ಮತ್ತು ಕ್ಲೋಫಜಿಮೀನ್ ಎಂಬ ಎರಡು ಔಷಧಗಳು ಬ್ಯಾಕ್ಟೀರಿಯಾದಲ್ಲಿ ಹೊಡೆಯುವ ಜಾಗ ಬೇರೆ ಬೇರೆ. ಹಾಗಿದ್ದರೂ ಆರ್‌ವಿ0678 ಎಂಬ ಒಂದೇ ಜೀನಿನಲ್ಲಿ ಬದಲಾವಣೆಯಾದರೆ, ಸಿಕ್ಕ ವಿಷವನ್ನೆಲ್ಲ ಹೊರಕ್ಕೆ ಎತ್ತಿಹಾಕುವ ಪಂಪೊಂದು ಬ್ಯಾಕ್ಟೀರಿಯಾದ ಪೊರೆಯಲ್ಲಿ ಬಿರುಸಾಗಿ, ಎರಡೂ ಔಷಧಗಳ ಬಲ ಕುಗ್ಗುತ್ತದೆ. ಬಿಡಿಬಿಡಿಯಾಗಿರುವ ಔಷಧಗಳ ಗತಿಯೇ ಹೀಗಾದರೆ, ಒಂದೇ ಅಣುವಾಗಿ ಬೆಸೆದವನ್ನು ಪಂಪು ಹಿಡಿದು ಹೊರಗೆಸೆದರೆ ಎರಡು ತೋಳೂ ಒಟ್ಟಿಗೆ ಹೋದವು, ಗುಣಿಸಬೇಕಾಗಿದ್ದ ಅಪರೂಪದ ಲೆಕ್ಕ ಅಲ್ಲಿಗೆ ಮುರಿಯಿತು. ಗಾತ್ರದ ತೊಡಕು ಬೇರೆ. ಬ್ಯಾಕ್ಟೀರಿಯಾದ ಮೈಕೋಲಿಕ್ ಆಮ್ಲದ ಮೇಣದ ಹೊದಿಕೆಯನ್ನು ದಾಟಬೇಕಾದ ಅಣು ಎರಡು ಔಷಧಗಳ ಭಾರ ಹೊತ್ತು ಜಿಡ್ಡುಜಿಡ್ಡಾದರೆ ಕರುಳಿನಿಂದ ರಕ್ತಕ್ಕೆ ಸೇರುವುದೇ ಕಷ್ಟ. ಅಣುಭಾರ 500 ದಾಟಬಾರದು ಎಂಬ ಲಿಪಿನ್‌ಸ್ಕಿ ಸೂತ್ರವನ್ನು ರಿಫಾಂಪಿಸಿನ್ನೂ ಬೆಡಾಕ್ವಿಲೀನೂ ಮೀರಿ ಗೆದ್ದಿವೆ, ನಿಜ. ಅವೆರಡನ್ನು ತೋರಿಸಿ ಪ್ರತಿಯೊಂದು ಭಾರೀ ಅಣುವಿಗೂ ರಿಯಾಯಿತಿ ಕೇಳುವುದು ಸರಿಯಲ್ಲ.

ಇಷ್ಟು ಪ್ರಶ್ನೆಗಳಲ್ಲಿ ನಮ್ಮ ಪ್ರಬಂಧಗಳು ಎಷ್ಟನ್ನು ಕೇಳುತ್ತಿವೆ? ರೂಢಿಯ ಹಾದಿ ಹೀಗಿದೆ: ಐಸೋನಿಯಾಜಿಡ್ಡನ್ನೋ ಅದರ ಚೌಕಟ್ಟನ್ನೋ ಇನ್ನೊಂದು ಉಂಗುರಕ್ಕೆ ಕೂಡಿಸುವುದು, ಹತ್ತಿಪ್ಪತ್ತು ಅಣುಗಳ ಸರಣಿ ಮಾಡುವುದು, ಎಚ್37ಆರ್‌ವಿ ಎಂಬ ಪ್ರಯೋಗಾಲಯದ ತಳಿಯ ಮೇಲೆ ಎಷ್ಟು ಮೈಕ್ರೋಗ್ರಾಂ ಸಾಕಾಯಿತು ಎಂದು ನೋಡುವುದು, ಕಂಪ್ಯೂಟರಿನಲ್ಲಿ ಅಣುವನ್ನು ಒಂದು ಪ್ರೋಟೀನಿನ ಗೂಡಿಗೆ ಕೂರಿಸಿದ ಬಣ್ಣದ ಚಿತ್ರ ಹಾಕುವುದು. ಆ ತಳಿಯ ಮೂಲ 1905ರಲ್ಲಿ ಅಮೆರಿಕದ ಒಬ್ಬ ರೋಗಿಯಿಂದ ಪಡೆದದ್ದು, ಔಷಧಗಳನ್ನೇ ಕಾಣದ ಕಾಲದ್ದು. ಅದರ ಮೇಲೆ ಗೆಲ್ಲುವುದು ಅನುಭವವಿಲ್ಲದ ಎದುರಾಳಿಯ ಮೇಲೆ ಗೆದ್ದಂತೆ. ಅದಕ್ಕಿಂತ ದೊಡ್ಡ ತೊಡಕು ಹೈಡ್ರಜೋನ್ ಕೊಂಡಿಯದು. ಐಸೋನಿಯಾಜಿಡ್ಡನ್ನು ಈ ಕೊಂಡಿಯಿಂದ ಕೂಡಿಸುವುದು ಬಹಳ ಸುಲಭ, ಹಾಗೆಯೇ ನೀರು ಮತ್ತು ಆಮ್ಲದಲ್ಲಿ ಅದು ಬಿಚ್ಚಿಕೊಳ್ಳುವುದೂ ಸುಲಭ. ನಳಿಕೆಯಲ್ಲಿ ಬ್ಯಾಕ್ಟೀರಿಯಾ ಸತ್ತದ್ದು ಹೊಸ ಕಸಿಯಿಂದಲೋ ಅದರಿಂದ ಬಿಡುಗಡೆಯಾದ ಹಳೆಯ ಐಸೋನಿಯಾಜಿಡ್ಡಿನಿಂದಲೋ ಎಂದು ತಿಳಿಯುವುದು ಹೇಗೆ? ಉಪಾಯವಿದೆ. ಐಸೋನಿಯಾಜಿಡ್ ತಾನೇ ಕೊಲ್ಲುವುದಿಲ್ಲ, ಬ್ಯಾಕ್ಟೀರಿಯಾದ್ದೇ ಆದ ಕ್ಯಾಟ್‌ಜಿ ಎಂಬ ಕಿಣ್ವ ಅದನ್ನು ಎಚ್ಚರಿಸಬೇಕು. ಆ ಕಿಣ್ವ ಕೆಟ್ಟ ತಳಿಯ ಮೇಲೆ ಕಸಿ ಅಣುವನ್ನು ಪರೀಕ್ಷಿಸಿದರೆ ಗುಟ್ಟು ರಟ್ಟಾಗುತ್ತದೆ. ಅಲ್ಲಿಯೂ ಕೊಂದರೆ ಎರಡನೇ ತೋಳು ಜೀವಂತವಾಗಿದೆ, ಕೊಲ್ಲದಿದ್ದರೆ ನಾವು ಐಸೋನಿಯಾಜಿಡ್ಡಿಗೆ ಹೊಸ ಅಂಗಿ ತೊಡಿಸಿದ್ದೇವೆ ಅಷ್ಟೆ. ಈ ಒಂದು ಪರೀಕ್ಷೆಯಿಲ್ಲದ ಹೈಬ್ರಿಡ್ ಪ್ರಬಂಧವನ್ನು ಒಪ್ಪಬಾರದು ಎಂಬುದು ಕಠಿಣ ಮಾತೆನಿಸಬಹುದು. ಹಗಲಿರುಳು ದುಡಿಯುವ ವಿದ್ಯಾರ್ಥಿಗಳ ಶ್ರಮಕ್ಕೆ ಬೆಲೆ ಬರುವುದು ಹೀಗೆಯೇ ಎಂದು ನಂಬಿ ಇದನ್ನು ಹೇಳುತ್ತಿದ್ದೇನೆ.

ಪಿಎಚ್‌ಡಿ ಕೆಲಸಕ್ಕೆ ಇಷ್ಟೆಲ್ಲ ಹೊರೆ ಯಾಕೆ, ಮೊದಲು ಅಣುಗಳು ಹುಟ್ಟಲಿ, ಮುಂದಿನದನ್ನು ಕಂಪನಿಗಳು ನೋಡಿಕೊಳ್ಳುತ್ತವೆ ಎಂಬ ವಾದವಿದೆ. ಕಂಪನಿಗಳು ನೋಡಿಕೊಳ್ಳಲಿಲ್ಲ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಹೆಬ್ಬಾಳದ ಕೇಂದ್ರ ಸೋತು ಮುಚ್ಚಿದ್ದಲ್ಲ. ಒಂದು ಅಣುವಿನ ಚೌಕಟ್ಟನ್ನು ಹಂತಹಂತವಾಗಿ ತಿದ್ದುತ್ತ ಅಲ್ಲಿನ ವಿಜ್ಞಾನಿಗಳು ಅಜಾಇಂಡೋಲ್ ಎಂಬ ಹೊಸ ಗುಂಪನ್ನು ತಲುಪಿದರು, ಅದು ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಡಿಪಿಆರ್‌ಇ1 ಕಿಣ್ವವನ್ನು ತಡೆಯುತ್ತದೆ. ಇಲಿಗಳಲ್ಲಿ ಅದು ಕೆಲಸ ಮಾಡುವುದನ್ನು ತೋರಿಸಿ 2013ರಲ್ಲಿ ಪ್ರಕಟಿಸಿದರು. ಮರುವರ್ಷ ಬಾಗಿಲು ಮುಚ್ಚುವ ಸುದ್ದಿ ಬಂತು. ಆ ಬಳಗದ ಒಂದು ಅಣು ಟಿಬಿಎ-7371 ಎಂಬ ಹೆಸರಿನಲ್ಲಿ ಟಿಬಿ ಅಲಯನ್ಸ್ ಎಂಬ ಲಾಭರಹಿತ ಸಂಸ್ಥೆಯ ಕೈಸೇರಿ ದಕ್ಷಿಣ ಆಫ್ರಿಕಾದ ರೋಗಿಗಳಲ್ಲಿ ಎರಡನೇ ಹಂತದ ಪರೀಕ್ಷೆಯವರೆಗೆ ಹೋಯಿತು. ಕೇಂದ್ರದಿಂದ ಹೊರಬಿದ್ದ ಕೆಲವರು ಬೆಂಗಳೂರಿನಲ್ಲೇ ಸಣ್ಣ ಸಂಸ್ಥೆಗಳನ್ನು ಕಟ್ಟಿಕೊಂಡು ಇಂದಿಗೂ ಈ ಕೆಲಸವನ್ನು ಬಿಟ್ಟಿಲ್ಲ, ಅವರ ಛಲ ದೊಡ್ಡದು. ಆದರೂ ರಸಾಯನಶಾಸ್ತ್ರಜ್ಞ, ಸೂಕ್ಷ್ಮಜೀವಿಶಾಸ್ತ್ರಜ್ಞ, ರಕ್ತದಲ್ಲಿ ಔಷಧದ ಏರಿಳಿತ ಅಳೆಯುವವರು, ವಿಷಗುಣ ನೋಡುವವರು ಒಂದೇ ಸೂರಿನಡಿ ಕುಳಿತು ಅಣುವಿನ ಬಗ್ಗೆ ಜಗಳವಾಡುವ ಜಾಗ ಹೋಯಿತು. ದೇಶೀಯ ಉದಾಹರಣೆಯೂ ಇದೆ. ಲುಪಿನ್ ಕಂಪನಿ ಸಿಎಸ್‌ಐಆರ್ ನೆರವಿನ ಯೋಜನೆಯಲ್ಲಿ ರೂಪಿಸಿದ ಎಲ್‌ಎಲ್-3858 ಅಣುವಿನಲ್ಲಿ ಐಸೋನಿಯಾಜಿಡ್ಡಿನ ಚೌಕಟ್ಟೂ ಪಿರೋಲ್ ಉಂಗುರವೂ ಬೆಸೆದಿದ್ದವು, ಅದು ನಿಜಕ್ಕೂ ಭಾರತದ ಕಸಿ. ಎರಡು ದಶಕದ ಹಿಂದೆ ದೊಡ್ಡ ಸುದ್ದಿಯಾದ ಅದು ಔಷಧವಾಗಿ ರೋಗಿಯ ಕೈ ಸೇರಲಿಲ್ಲ.

ಹೊಸ ಅಣುಗಳ ಹುಡುಕಾಟಕ್ಕೆ ಬರುವ ಇನ್ನೊಂದು ಆಕ್ಷೇಪ ನೈತಿಕವಾದದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕ್ಷಯ ಬಡತನದ ರೋಗ, ಅನ್ನವಿಲ್ಲದವರಿಗೆ ಅಣು ಯಾಕೆ ಎಂಬುದು ಆ ಪ್ರಶ್ನೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಆಧಾರ ಕೊಟ್ಟಿದೆ. ರೋಗಿಯ ಮನೆಯವರಿಗೆ ಅಕ್ಕಿ ಬೇಳೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ 40ರಷ್ಟು ಇಳಿಯಿತು. ಯಾವ ಹೈಬ್ರಿಡ್ ಅಣುವೂ ಇದಕ್ಕೆ ಸಾಟಿಯಾಗುವ ಫಲಿತಾಂಶವನ್ನು ಇದುವರೆಗೆ ತೋರಿಸಿಲ್ಲ. ಹಣ ಒಂದೇ ಗಂಟಿನಿಂದ ಬರುವುದಾದರೆ ಮೊದಲ ಪಾಲು ಅನ್ನಕ್ಕೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ 2023ರಲ್ಲಿ ಜಗತ್ತಿನಲ್ಲಿ ಕ್ಷಯ ತಗುಲಿದವರು ಸುಮಾರು 1.08 ಕೋಟಿ, ಸತ್ತವರು 12.5 ಲಕ್ಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗಿಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಭಾರತದವರು. ರಿಫಾಂಪಿಸಿನ್ನಿಗೆ ಬಗ್ಗದ ಸುಮಾರು 4 ಲಕ್ಷ ಹೊಸ ಪ್ರಕರಣಗಳಲ್ಲೂ ನಮ್ಮ ಪಾಲು ಅಷ್ಟೇ. ಅಂಥವರಿಗೆ ಅನ್ನ ಬಲ ಕೊಡುತ್ತದೆ, ಗುಣಪಡಿಸಲು ಬೇರೆ ಔಷಧವೇ ಬೇಕು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ ಬೆಡಾಕ್ವಿಲೀನ್, ಪ್ರಿಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಕೂಟ ಆ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಿದೆ, ಇದು ಬಹಳ ದೊಡ್ಡ ಹೆಜ್ಜೆ. ಆ ಕೂಟದ ಮುಖ್ಯ ಕಂಬವಾದ ಬೆಡಾಕ್ವಿಲೀನಿಗೆ ಬಗ್ಗದ ತಳಿಗಳು ಆಗಲೇ ಕಾಣಿಸಿಕೊಳ್ಳುತ್ತಿವೆ. ಇರುವ ಕಂಬ ಅಲುಗಿದ ಮೇಲೆ ಮರ ಹುಡುಕಲು ಹೊರಡುವುದಕ್ಕಾಗುವುದಿಲ್ಲ, ಒಂದು ಔಷಧ ಸಿದ್ಧವಾಗಲು ಹತ್ತು ಹದಿನೈದು ವರ್ಷ ಬೇಕು.

ರೋಗಿಯ ಕಡೆಯಿಂದ ಹೊರಟು ಯೋಚಿಸುವ ಪರಂಪರೆಯೂ ಬೆಂಗಳೂರಿನದೇ. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದಾಗ ಅದರ ಸಂಶೋಧಕರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕೆಮ್ಮಿದವರು ಏನು ಮಾಡುತ್ತಾರೆ ಎಂದು ಕೇಳಿದ್ದು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ ಎಂಬ ಅಂದಿನ ನಂಬಿಕೆ ಸುಳ್ಳಾಯಿತು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಅವರನ್ನು ಕೆಮ್ಮಿನ ಔಷಧದ ಸೀಸೆ ಕೊಟ್ಟು ವಾಪಸು ಕಳಿಸಲಾಗಿತ್ತು. ಬ್ಯಾನರ್ಜಿ ಮತ್ತು ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಈ ಅಧ್ಯಯನದಂಥ ಕೆಲಸಗಳ ತಳಹದಿಯ ಮೇಲೆ ಜಿಲ್ಲಾ ಕ್ಷಯ ಕಾರ್ಯಕ್ರಮ ರೂಪುಗೊಂಡಿತು. ಅಣುವಿನ ವಿನ್ಯಾಸಕ್ಕೂ ಅದೇ ದಿಕ್ಕು ಬೇಕು: ಗಾಯದ ಒಡಲಿನಿಂದ ಹೊರಟು ಕೊಂಡಿಯವರೆಗೆ ಹಿಂದಕ್ಕೆ ಬರುವುದು. ಜೊತೆಗಾರನನ್ನು ಆರಿಸುವಾಗಲೂ ಇದರಿಂದ ದಾರಿ ತೆರೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ತಂಡ 2019ರಲ್ಲಿ ಮಲೇರಿಯಾದ ಹಳೆಯ ಕ್ಲೋರೋಕ್ವಿನ್ನನ್ನು ಕ್ಷಯದ ಔಷಧಗಳ ಜೊತೆ ಪ್ರಾಣಿಗಳಿಗೆ ಕೊಟ್ಟು ನೋಡಿದಾಗ, ನಮ್ಮ ರಕ್ಷಕ ಕೋಶಗಳೊಳಗೆ ಅಡಗಿ ಔಷಧವನ್ನು ಸಹಿಸಿಕೊಳ್ಳುವ ಬ್ಯಾಕ್ಟೀರಿಯಾಗಳ ಸಹನೆ ಕುಗ್ಗಿತು. ಎರಡನೇ ತೋಳು ಬ್ಯಾಕ್ಟೀರಿಯಾವನ್ನು ಕೊಲ್ಲಲೇಬೇಕೆಂದಿಲ್ಲ, ಅದು ಅಡಗಿರುವ ಮನೆಯ ಹವೆಯನ್ನು ಬದಲಿಸಿದರೂ ಸಾಕು ಎಂಬ ಈ ಸುಳಿವು ಬರೀ ನಳಿಕೆಯನ್ನು ನೋಡುವವರಿಗೆ ಸಿಗುವುದಿಲ್ಲ.

ಮಾಡಬೇಕಾದದ್ದು ಅಸಾಧ್ಯವಾದುದಲ್ಲ. ಜೀವಂತ ಕ್ಷಯ ಬ್ಯಾಕ್ಟೀರಿಯಾದೊಡನೆ ಕೆಲಸ ಮಾಡಲು ಮೂರನೇ ದರ್ಜೆಯ ಸುರಕ್ಷತೆಯ ಪ್ರಯೋಗಾಲಯ ಬೇಕು, ಅದನ್ನು ಪ್ರತಿ ಕಾಲೇಜೂ ಕಟ್ಟಿಕೊಳ್ಳಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಥದ್ದಿದೆ. ಅದರ ಜೊತೆಗೆ ನಿರೋಧಕ ತಳಿಗಳ ಸಂಗ್ರಹ, ರಕ್ಷಕ ಕೋಶಗಳೊಳಗಿನ ಪರೀಕ್ಷೆ, ಆಮ್ಲದಲ್ಲಿ ಹಾಗೂ ರಕ್ತದ ಸೀರಮ್ಮಿನಲ್ಲಿ ಕೊಂಡಿ ಎಷ್ಟು ಹೊತ್ತು ತಾಳುತ್ತದೆ ಎಂಬ ಅಳತೆ, ಇಲಿಯ ಶ್ವಾಸಕೋಶದಲ್ಲಿ ಔಷಧದ ಮಟ್ಟ ಇವಿಷ್ಟನ್ನು ರಾಜ್ಯದ ಯಾವ ಕಾಲೇಜು ಅಣು ಕಳಿಸಿದರೂ ಮಾಡಿಕೊಡುವ ಸಾರ್ವಜನಿಕ ಸೇವೆಯೊಂದನ್ನು ರಾಜ್ಯ ಸರ್ಕಾರವೂ ಐಸಿಎಂಆರ್ ಕೂಡ ಸೇರಿ ನಡೆಸಬಹುದು. ಸೋತ ಅಣುಗಳ ವಿವರವನ್ನೂ ಅದು ಪ್ರಕಟಿಸಬೇಕು, ಧಾರವಾಡದಲ್ಲಿ ಸೋತದ್ದನ್ನು ಮಂಗಳೂರಿನಲ್ಲಿ ಮತ್ತೆ ಮಾಡುವ ವ್ಯರ್ಥ ತಪ್ಪುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಫಾರ್ಮಸಿ ಪ್ರಬಂಧಗಳ ನಿಯಮದಲ್ಲಿ ಕ್ಯಾಟ್‌ಜಿ ಕೆಟ್ಟ ತಳಿಯ ಪರೀಕ್ಷೆಯನ್ನು ಕಡ್ಡಾಯ ಮಾಡುವುದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ಅದು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಆಗಬಹುದು.